ತಲೆಯಾಡಿಸಿದರೆ ಒಪ್ಪಿದಂತೆಯೇ?

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಹೊರಡಲು ಸಿದ್ಧವಾದ ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರನ್ನು ‘ಭದ್ರಾವತಿಗೆ ಹೋಗುತ್ತಾ ಸಾರ್?’ ಎಂದು ಕೇಳಿ ನೋಡಿ. ಬಾಯಲ್ಲಿ ವಿಷಲ್, ಕೈಯಲ್ಲಿ ಟಿಕೆಟ್ ಮೆಷಿನ್. ಉತ್ತರವಾಗಿ ಬರುವುದು ತಲೆಯ ಒಂದು ಅಲುಗಾಟ ಮಾತ್ರ. ಈ ಊರಿನವರು ಅದನ್ನು ನೋಡಿದ ಕೂಡಲೇ ಹತ್ತುತ್ತಾರೆ, ಇಲ್ಲವೇ ಪಕ್ಕದ ಬಸ್ಸಿಗೆ ಓಡುತ್ತಾರೆ. ಹೊರದೇಶದಿಂದ ಜೋಗ ನೋಡಲು ಬಂದವರು ಮಾತ್ರ ‘ಈತ ಹೌದು ಎಂದನೋ, ಇಲ್ಲ ಎಂದನೋ’ ಎಂದು ಗೊಂದಲಕ್ಕೆ ಬಿದ್ದು ಅಲ್ಲೇ ನಿಲ್ಲುತ್ತಾರೆ.

ತಲೆಯನ್ನು ಮೇಲೆ ಕೆಳಗೆ ಆಡಿಸುವುದಕ್ಕೆ ಇಂಗ್ಲಿಷಿನಲ್ಲಿ ‘ನಾಡ್’ ಎನ್ನುತ್ತಾರೆ. ಶಾಲೆಯ ನಿಘಂಟು ತೆರೆದರೆ ಅದರ ಎದುರಿಗೆ ‘ತಲೆಯಾಡಿಸು’ ಎಂದಿರುತ್ತದೆ. ಮಕ್ಕಳು ಅಷ್ಟನ್ನೇ ಬಾಯಿಪಾಠ ಮಾಡುತ್ತಾರೆ. ಆದರೆ ಈ ಅರ್ಥ ಅರ್ಧ ಮಾತ್ರ ಸರಿ. ಇಂಗ್ಲಿಷಿನ ನಾಡ್ ಮೇಲೆ-ಕೆಳಗೆ. ಅಡ್ಡಡ್ಡ ಆಡಿಸಿದರೆ ಅದು ಶೇಕ್. ಎರಡಕ್ಕೂ ಬೇರೆ ಬೇರೆ ಪದ. ನಮ್ಮ ‘ತಲೆಯಾಡಿಸು’ ದಿಕ್ಕನ್ನೇ ಹೇಳುವುದಿಲ್ಲ. ‘ಹೌದೆಂದು ತಲೆಯಾಡಿಸಿದಳು’ ಎನ್ನುತ್ತೇವೆ, ‘ಇಲ್ಲವೆಂದು ತಲೆಯಾಡಿಸಿದಳು’ ಎಂದೂ ಎನ್ನುತ್ತೇವೆ. ಬರೀ ‘ತಲೆಯಾಡಿಸಿದಳು’ ಎಂದರೆ ಕೇಳುವವರು ‘ಏನಂತ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಇದನ್ನು ಕೆಲವರು ಕನ್ನಡದ ಕೊರತೆ ಎಂದುಕೊಳ್ಳುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ತಲೆ ಆಡಿದ ಮಾತ್ರಕ್ಕೆ ಅರ್ಥ ತಿಳಿಯಲಿಲ್ಲ, ಇನ್ನೂ ಕೇಳಬೇಕು ಎಂಬ ಎಚ್ಚರ ಈ ಪದದಲ್ಲೇ ಇದೆ. ಆಸ್ಪತ್ರೆಯ ವಿಷಯಕ್ಕೆ ಬಂದಾಗ ಈ ಎಚ್ಚರ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ನೋಡೋಣ.

ಒಂದು ನಾಡ್, ಹಲವು ಕನ್ನಡ

ಇಂಗ್ಲಿಷಿನಲ್ಲಿ ನಾಡ್ ಬಹಳ ಕೆಲಸ ಮಾಡುತ್ತದೆ. ಒಪ್ಪಿಗೆ ಸೂಚಿಸುವುದು ನಾಡ್. ದಾರಿಯಲ್ಲಿ ಎದುರಾದವರಿಗೆ ತಲೆಯಲ್ಲೇ ನಮಸ್ಕಾರ ಹೇಳುವುದು ನಾಡ್. ಅಷ್ಟು ಮಾತ್ರದ ಪರಿಚಯಕ್ಕೆ ‘ನಾಡಿಂಗ್ ಅಕ್ವೇಂಟೆನ್ಸ್’ ಎನ್ನುತ್ತಾರೆ. ನಾವು ಮುಖಪರಿಚಯ ಎನ್ನುತ್ತೇವೆ. ಕೂತಲ್ಲೇ ನಿದ್ದೆಗೆ ಜಾರುವುದು ‘ನಾಡ್ ಆಫ್’. ಸರ್ಕಾರ ಯೋಜನೆಗೆ ಒಪ್ಪಿದರೆ ಇಂಗ್ಲಿಷ್ ಪತ್ರಿಕೆಯ ತಲೆಬರಹದಲ್ಲಿ ‘ಕ್ಯಾಬಿನೆಟ್ ನಾಡ್’. ಕನ್ನಡ ಪತ್ರಿಕೆಯಲ್ಲಿ ಅದೇ ಸುದ್ದಿ ‘ಸಂಪುಟ ಅಸ್ತು’ ಅಥವಾ ‘ಹಸಿರು ನಿಶಾನೆ’. ಲ್ಯಾಟಿನ್ನಿನಲ್ಲಿ ತಲೆಯಾಡಿಸುವುದಕ್ಕಿದ್ದ ಕ್ರಿಯಾಪದದಿಂದಲೇ ಇಂಗ್ಲಿಷಿನ ‘ಇನ್ಯುಎಂಡೊ’, ಅಂದರೆ ಬಾಯಿ ಬಿಟ್ಟು ಹೇಳದೆ ಸೂಚಿಸುವ ಚುಚ್ಚುಮಾತು ಹುಟ್ಟಿತು.

ಕನ್ನಡದಲ್ಲಿ ಈ ಕೆಲಸವನ್ನೆಲ್ಲ ಬೇರೆ ಬೇರೆ ಪದಗಳು ಹಂಚಿಕೊಂಡಿವೆ. ಗೌರವಕ್ಕೆ ತಲೆಬಾಗುತ್ತೇವೆ, ನಾಚಿಕೆಗೆ ತಲೆತಗ್ಗಿಸುತ್ತೇವೆ, ಬೇಡವಾದುದಕ್ಕೆ ತಲೆ ಕೊಡವುತ್ತೇವೆ. ಯೋಚಿಸದೆ ಒಪ್ಪುವವನು ‘ಗೋಣು ಹಾಕುತ್ತಾನೆ’. ಇಲ್ಲಿ ಸ್ವಲ್ಪ ತಾತ್ಸಾರವೂ ಸೇರಿದೆ. ಎಲ್ಲರಿಗೂ ಹೌದು ಎನ್ನುವವರ ಗುಂಪಿಗೆ ‘ಹೌದಪ್ಪನ ಚಾವಡಿ’ ಎಂಬ ಹೆಸರೇ ಇದೆ. ಇವೆಲ್ಲಕ್ಕಿಂತ ಸೊಗಸಾದ ಪದ ತಲೆದೂಗು. ತಲೆ ಮತ್ತು ತೂಗು ಸೇರಿ ಆದೇಶಸಂಧಿಯಾಗಿ ತಲೆದೂಗು ಆಗಿದೆ. ಶಿವಮೊಗ್ಗದ ಪಕ್ಕದಲ್ಲಿ ತುಂಗೆಯ ಆಚೀಚೆ ಇರುವ ಮತ್ತೂರು, ಹೊಸಹಳ್ಳಿಗಳಲ್ಲಿ ಗಮಕ ವಾಚನ ಕೇಳುತ್ತ ಕೂತವರನ್ನು ಗಮನಿಸಿದರೆ ಇದು ತಿಳಿಯುತ್ತದೆ. (ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು.) ಕೇಳುಗರ ತಲೆ ಅಲ್ಲಿ ಮೇಲೆ ಕೆಳಗೆ ಹೋಗುವುದಿಲ್ಲ, ತೊಟ್ಟಿಲಿನಂತೆ ಅತ್ತಿತ್ತ ಓಲಾಡುತ್ತದೆ. ಅದು ‘ಹೌದು’ ಎಂಬ ಉತ್ತರವೂ ಅಲ್ಲ, ಯಾಕೆಂದರೆ ಯಾರೂ ಪ್ರಶ್ನೆ ಕೇಳಿಲ್ಲ. ತೂಗು ಎಂದರೆ ತೂಕ ಮಾಡು ಎಂದೂ ಅರ್ಥವಿದೆ. ಕೇಳಿದ್ದನ್ನು ತೂಗಿ ನೋಡಿ ಮೆಚ್ಚುವುದು ಎಂದುಕೊಂಡರೂ ಹೊಂದುತ್ತದೆ.

ಇದೇ ತೂಗುವಿಕೆಯ ಬಳಗಕ್ಕೆ ಸೇರಿದ್ದು ತೂಕಡಿಸು. ಭದ್ರಾವತಿಯವರಿಗೆ ಈ ನಂಟು ಬೇಗ ಹೊಳೆಯಬಹುದು. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ ಎರಡಕ್ಕೂ ಬೇರೆ ಬೇರೆ ಸೀಮೆಯ ಜನ ಕೆಲಸಕ್ಕೆ ಬಂದು ನೆಲೆಸಿದ ಊರು ಅದು. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಮಲಯಾಳ ಅಲ್ಲಿನ ಬೀದಿಗಳಲ್ಲಿ ಕೇಳಿಸುತ್ತವೆ. ತಮಿಳಿನಲ್ಲಿ ‘ತೂಂಗು’ ಎಂದರೆ ನೇತಾಡು ಎಂದೂ ಹೌದು, ನಿದ್ದೆ ಮಾಡು ಎಂದೂ ಹೌದು. ಕನ್ನಡ ಅದನ್ನು ತೂಗು, ತೂಕಡಿಸು ಎಂದು ಎರಡಾಗಿ ಇಟ್ಟುಕೊಂಡಿದೆ.

‘ಹೌದು’ ಕೀಲು, ‘ಇಲ್ಲ’ ಕೀಲು

ನಮ್ಮ ತಲೆಯ ತೂಕ ಸುಮಾರು 4.5ರಿಂದ 5 ಕೆ.ಜಿ. ಅದನ್ನು ಹೊತ್ತಿರುವುದು ಕುತ್ತಿಗೆಯ 7 ಮೂಳೆಗಳು. ಮೊದಲನೆಯದಕ್ಕೆ ಅಟ್ಲಾಸ್ ಎಂದು ಹೆಸರು. ಗ್ರೀಕ್ ಪುರಾಣದಲ್ಲಿ ಆಕಾಶವನ್ನೇ ಹೊತ್ತು ನಿಂತವನ ಹೆಸರದು. ತಲೆಬುರುಡೆ ಈ ಉಂಗುರದಂಥ ಮೂಳೆಯ ಮೇಲೆ ಎರಡು ಕಡೆ ಕೂತಿದೆ. ಮೇಲೆ-ಕೆಳಗೆ ಆಡಿಸುವಾಗ ಮುಖ್ಯವಾಗಿ ಇಲ್ಲಿಯೇ ಚಲನೆ ನಡೆಯುತ್ತದೆ. ಅದರ ಕೆಳಗಿನ ಎರಡನೆಯ ಮೂಳೆಯಿಂದ ಹಲ್ಲಿನಂಥ ಒಂದು ಗೂಟ ಮೇಲಕ್ಕೆ ಎದ್ದಿದೆ. ಬೀಸುವ ಕಲ್ಲಿನ ಗೂಟದ ಸುತ್ತ ಮೇಲಿನ ಕಲ್ಲು ತಿರುಗುವ ಹಾಗೆ ಈ ಗೂಟದ ಸುತ್ತ ಅಟ್ಲಾಸ್ ತಿರುಗುತ್ತದೆ, ಅದರ ಜೊತೆ ತಲೆಯೂ ಅಡ್ಡಡ್ಡ ತಿರುಗುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳು ನೆನಪಿಗಾಗಿ ಮೊದಲನೆಯದನ್ನು ‘ಹೌದು ಕೀಲು’, ಎರಡನೆಯದನ್ನು ‘ಇಲ್ಲ ಕೀಲು’ ಎಂದು ಕರೆಯುತ್ತಾರೆ. ನಮ್ಮ ಓಲಾಟಕ್ಕೆ ಮಾತ್ರ ಪ್ರತ್ಯೇಕ ಕೀಲಿಲ್ಲ. ಅದಕ್ಕೆ ಕುತ್ತಿಗೆಯ ಕೆಳಗಿನ ಮೂಳೆಗಳೂ ಸೇರಿಕೊಂಡು ತಲೆಯನ್ನು ಪಕ್ಕಕ್ಕೆ ವಾಲಿಸಬೇಕು.

ವಿದೇಶೀಯರು ಈ ಓಲಾಟವನ್ನು ‘ಹೆಡ್ ವಾಬಲ್’ ಎಂದು ಕರೆದು ನಗೆಯ ವಿಡಿಯೊಗಳ ವಸ್ತುವಾಗಿಸಿದ್ದಾರೆ. ನಮ್ಮ ನಾಟ್ಯಶಾಸ್ತ್ರಕಾರರು ಇಂಥ ಚಲನೆಗಳನ್ನು ಎಂದೋ ಎಣಿಸಿ ಹೆಸರಿಟ್ಟಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ 13, ನಂದಿಕೇಶ್ವರನ ಅಭಿನಯದರ್ಪಣದಲ್ಲಿ 9 ಶಿರೋಭೇದಗಳಿವೆ. ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಆಕಂಪಿತ, ಅದನ್ನೇ ಬೇಗ ಬೇಗ ಮಾಡಿದರೆ ಕಂಪಿತ. ಚಾಮರ ಬೀಸಿದಂತೆ ಅತ್ತಿತ್ತ ಆಡಿಸುವುದು ಪರಿವಾಹಿತ. ಅದರ ಬಳಕೆಗಳಲ್ಲಿ ಸಂತೋಷ ಮತ್ತು ಅನುಮೋದನೆಯನ್ನು ಅಭಿನಯದರ್ಪಣ ಸೇರಿಸಿದೆ. ವಿಚಾರ, ಅಂದರೆ ಯೋಚನೆಯನ್ನೂ ಸೇರಿಸಿದೆ. ಬಸ್ ಕಂಡಕ್ಟರಿಗೆ ಈ ಹೆಸರು ಗೊತ್ತಿರಬೇಕೆಂದೇನಿಲ್ಲ.

ಎಲ್ಲ ಊರಲ್ಲೂ ಇದೇ ಅರ್ಥವೇ?

ಮೇಲೆ-ಕೆಳಗೆ ಎಂದರೆ ಹೌದು, ಅಡ್ಡಕ್ಕೆ ಎಂದರೆ ಇಲ್ಲ, ಇದು ಹುಟ್ಟಿನಿಂದಲೇ ಬಂದದ್ದು ಎಂಬ ನಂಬಿಕೆ ವ್ಯಾಪಕವಾಗಿದೆ. ಇದನ್ನು ಗಂಭೀರವಾಗಿ ಪರೀಕ್ಷಿಸಲು ಹೊರಟವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ಭಾವಗಳ ಅಭಿವ್ಯಕ್ತಿಯ ಬಗ್ಗೆ 1872ರಲ್ಲಿ ಅವರು ಬರೆದ ಪುಸ್ತಕಕ್ಕಾಗಿ ದೇಶದೇಶಗಳಲ್ಲಿದ್ದವರಿಗೆ ಪ್ರಶ್ನೆಗಳ ಪಟ್ಟಿ ಕಳಿಸಿದ್ದರು. ಹೊಟ್ಟೆ ತುಂಬಿದ ಮಗು ಮೊಲೆಯಿಂದ ಅಥವಾ ಚಮಚದಿಂದ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತದೆ, ಬೇಕಾದಾಗ ತಲೆಯನ್ನು ಮುಂದಕ್ಕೆ ಬಾಗಿಸುತ್ತದೆ; ‘ಇಲ್ಲ’, ‘ಹೌದು’ಗಳ ಮೂಲ ಅಲ್ಲಿರಬಹುದು ಎಂದು ಅವರು ಊಹಿಸಿದರು. ಎಳೆವಯಸ್ಸಿನಲ್ಲೇ ದೃಷ್ಟಿ, ಶ್ರವಣ ಎರಡನ್ನೂ ಕಳೆದುಕೊಂಡ ಅಮೆರಿಕದ ಲಾರಾ ಬ್ರಿಜ್‌ಮನ್ ಕೂಡ ಹೌದಿಗೆ ಮೇಲೆ-ಕೆಳಗೆ, ಇಲ್ಲಕ್ಕೆ ಅಡ್ಡಕ್ಕೆ ತಲೆಯಾಡಿಸುತ್ತಿದ್ದರೆಂದು ಅದೇ ಪುಸ್ತಕದಲ್ಲಿ ಪ್ರಸ್ತಾಪವಿದೆ. 1957ರಲ್ಲಿ ಮನೋವಿಶ್ಲೇಷಕ ರೆನೆ ಸ್ಪಿಟ್ಸ್ ಈ ಎಳೆಯನ್ನು ಹಿಡಿದು ‘ಹೌದು-ಇಲ್ಲ’ಗಳ ಬಗ್ಗೆಯೇ ಒಂದು ಪುಸ್ತಕ ಬರೆದರು.

ಆದರೆ ಬಲ್ಗೇರಿಯಾದಲ್ಲಿ ಸಾಂಪ್ರದಾಯಿಕವಾಗಿ ಇದು ತಿರುವುಮುರುವು: ಅಡ್ಡಕ್ಕೆ ಆಡಿಸಿದರೆ ಹೌದು. ಗ್ರೀಸ್, ಟರ್ಕಿಗಳಲ್ಲಿ ತಲೆಯನ್ನು ಹಿಂದಕ್ಕೆ ಎತ್ತಿದರೆ ಇಲ್ಲ ಎಂದು. ಹಾಗಾಗಿ, ಮೂಲ ಮಗುವಿನ ಬಾಯಿಯಲ್ಲೇ ಇದ್ದರೂ ಅರ್ಥವನ್ನು ಗಟ್ಟಿಮಾಡುವುದು ಊರಿನ ರೂಢಿ ಎನ್ನಬಹುದು.

ಇನ್ನೊಂದು ಕುತೂಹಲದ ಸಂಗತಿ. ನಾವು ಒಪ್ಪಿದಾಗ ತಲೆಯಾಡಿಸುತ್ತೇವೆ, ತಲೆಯಾಡಿಸಿದರೆ ಒಪ್ಪುತ್ತೇವೆಯೇ? 1980ರಲ್ಲಿ ಪ್ರಕಟವಾದ ವೆಲ್ಸ್ ಮತ್ತು ಪೆಟಿ ಅವರ ಪ್ರಯೋಗದಲ್ಲಿ, ಹೆಡ್‌ಫೋನಿನ ಪರೀಕ್ಷೆ ಎಂದು ಹೇಳಿ ವಿದ್ಯಾರ್ಥಿಗಳಿಗೆ ಕಾಲೇಜು ಶುಲ್ಕದ ಬಗ್ಗೆ ಒಂದು ಭಾಷಣ ಕೇಳಿಸಲಾಯಿತು. ಕೇಳುವಾಗ ಕೆಲವರು ತಲೆಯನ್ನು ಮೇಲೆ-ಕೆಳಗೆ, ಕೆಲವರು ಅಡ್ಡಕ್ಕೆ ಆಡಿಸುತ್ತಿರಬೇಕಿತ್ತು. ಮೇಲೆ-ಕೆಳಗೆ ಆಡಿಸಿದವರು ಭಾಷಣವನ್ನು ಹೆಚ್ಚು ಒಪ್ಪಿದರು. ‘ಗ್ರಾಹಕರ ತಲೆ ಆಡಿಸಿ, ಮಾಲು ಮಾರಿ’ ಎಂದು ಸೇಲ್ಸ್ ತರಬೇತಿಯವರು ಹೇಳುವುದಕ್ಕೆ ಇಂಥವೇ ಆಧಾರ. ಅವರು ಮರೆಯುವುದು 2003ರಲ್ಲಿ ಬ್ರಿನ್ಯೋಲ್ ಮತ್ತು ಪೆಟಿ ಕಂಡುಕೊಂಡದ್ದನ್ನು: ವಾದ ಪೊಳ್ಳಾಗಿದ್ದರೆ ತಲೆಯಾಡಿಸುವುದರಿಂದ ಒಪ್ಪಿಗೆ ಕಡಿಮೆಯಾಗುತ್ತದೆ. ಆಗ ಮನಸ್ಸಿನಲ್ಲಿ ಏಳುವುದು ‘ಇದು ಸುಳ್ಳು’ ಎಂಬ ಯೋಚನೆ. ತಲೆಯಾಟ ಆ ಯೋಚನೆಯನ್ನೇ ಗಟ್ಟಿ ಮಾಡುತ್ತದೆ.

ಮಾತಲ್ಲದ ತಲೆಯಾಟ

ಎಲ್ಲ ತಲೆಯಾಟಕ್ಕೂ ಅರ್ಥವಿರುವುದಿಲ್ಲ. ಕೂತಲ್ಲೇ ಜೋಂಪು ಹತ್ತಿದಾಗ ಕುತ್ತಿಗೆಯ ಹಿಂಭಾಗದ ಸ್ನಾಯುಗಳು ಸಡಿಲಾಗುತ್ತವೆ, ತಲೆ ಮುಂದಕ್ಕೆ ಬೀಳುತ್ತದೆ, ಬಿದ್ದ ಜರ್ಕಿಗೆ ಎಚ್ಚರವಾಗುತ್ತದೆ. ಸಭೆಯಲ್ಲಿ ಇದು ತಮಾಷೆ. ರಾತ್ರಿ ಬೆಂಗಳೂರಿನಿಂದ ಹೊರಟು ಅರಸೀಕೆರೆ, ಕಡೂರು, ತರೀಕೆರೆ ದಾಟಿ ಭದ್ರಾವತಿಯತ್ತ ಕಾರು ಓಡಿಸುವವರಿಗೆ ಇದು ಪ್ರಾಣದ ಪ್ರಶ್ನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ 3 ಸೆಕೆಂಡು ಕಣ್ಣು ಮುಚ್ಚಿದರೆ ಕಾರು 50 ಮೀಟರ್ ಹೋಗಿರುತ್ತದೆ. ಕಿಟಕಿ ಇಳಿಸಿದರೆ, ಹಾಡು ಜೋರಾಗಿ ಹಾಕಿದರೆ ನಿದ್ದೆ ಹೋಗುತ್ತದೆ ಎಂಬುದು ಸುಳ್ಳು ಸಮಾಧಾನ. ತಲೆ ಒಮ್ಮೆ ಬಿತ್ತೆಂದರೆ ಗಾಡಿ ನಿಲ್ಲಿಸಬೇಕು. ಒಂದು ಕಾಫಿ ಕುಡಿದು 15-20 ನಿಮಿಷ ಮಲಗಿದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹಸುಗೂಸುಗಳ ವಿಷಯ. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವೆಸ್ಟ್ ತಮ್ಮ ಮಗುವಿನ ವಿಚಿತ್ರ ತಲೆಯಾಟವನ್ನು ವಿವರಿಸಿ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಮಗು ಸಲಾಂ ಹೊಡೆದ ಹಾಗೆ ಥಟ್ಟನೆ ಮುಂದಕ್ಕೆ ಬಾಗುತ್ತಿತ್ತು. ಇದು ಒಂದು ಬಗೆಯ ಅಪಸ್ಮಾರ, ಅಂದರೆ ಮೂರ್ಛೆರೋಗ. ಹೆಚ್ಚಾಗಿ 3ರಿಂದ 12 ತಿಂಗಳೊಳಗೆ ಶುರುವಾಗುತ್ತದೆ. ತಲೆ ಒಮ್ಮೆಲೇ ಬಾಗುತ್ತದೆ, ಕೈಗಳು ಚಾಚಿಕೊಳ್ಳುತ್ತವೆ, ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಕೆಲವು ಸೆಕೆಂಡು ಬಿಟ್ಟು ಮತ್ತೆ ಬರುತ್ತದೆ. ನಿದ್ದೆಯಿಂದ ಎದ್ದಾಗ ಇಂಥ ಸರಣಿ ಹೆಚ್ಚು. ನೋಡುವವರಿಗೆ ಬೆಚ್ಚಿಬಿದ್ದಂತೆಯೋ, ಹೊಟ್ಟೆನೋವಿನಂತೆಯೋ, ಮಗು ನಮಸ್ಕಾರ ಕಲಿತಂತೆಯೋ ಕಾಣುತ್ತದೆ. ದೃಷ್ಟಿ ತೆಗೆಸಿ ಕಾಯುವವರೂ ಇದ್ದಾರೆ. ಕಾಯಬಾರದು. ಔಷಧಿ ಇದೆ, ಬೇಗ ಶುರುವಾದಷ್ಟೂ ಮಗುವಿನ ಬೆಳವಣಿಗೆಗೆ ಒಳ್ಳೆಯದು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಆ ಒಂದು ವಿಡಿಯೊ ಹತ್ತು ನಿಮಿಷದ ವಿವರಣೆಗಿಂತ ಉಪಯುಕ್ತ.

ವಯಸ್ಸಾದವರ ತಲೆ ತನ್ನಷ್ಟಕ್ಕೆ ‘ಹೌದು ಹೌದು’ ಅಥವಾ ‘ಬೇಡ ಬೇಡ’ ಎಂದು ನಡುಗುವುದುಂಟು. ಇದನ್ನು ಕಂಡ ಕೂಡಲೇ ಪಾರ್ಕಿನ್ಸನ್ ಎಂದು ಹೆದರುವವರು ಹೆಚ್ಚು. ಆದರೆ ತಲೆಯ ನಡುಕ ‘ಎಸೆನ್ಷಿಯಲ್ ಟ್ರೆಮರ್’ ಎಂಬ ಬೇರೆ ತೊಂದರೆಯಲ್ಲಿ ಸಾಮಾನ್ಯ. ಪಾರ್ಕಿನ್ಸನ್ನಿನಲ್ಲಿ ಕೈ, ಗದ್ದ, ತುಟಿಗಳು ನಡುಗುವುದೇ ಹೆಚ್ಚು. ಇನ್ನು ಹೃದಯದ ಮಹಾಧಮನಿಯ ಕವಾಟ ಸೋರಿದಾಗ ನಾಡಿಬಡಿತದ ತಾಳಕ್ಕೆ ತಲೆ ಆಡುವುದೂ ಉಂಟು. ಅದಕ್ಕೆ ಫ್ರೆಂಚ್ ಕವಿ ಮ್ಯೂಸೆಯ ಹೆಸರಿಟ್ಟಿದ್ದಾರೆ, ಆತನಿಗೆ ಹಾಗಾಗುತ್ತಿತ್ತು.

‘ಹೂಂ’ ಎಂದರೆ ಕೇಳಿಸಿತು ಎಂದಷ್ಟೇ

ಅಜ್ಜಿ ಕಥೆ ಹೇಳುವಾಗ ಮಕ್ಕಳು ‘ಹೂಂ’ ಅನ್ನುತ್ತಿರಬೇಕು. ಹೂಂಗುಟ್ಟದಿದ್ದರೆ ಅಜ್ಜಿ ನಿಲ್ಲಿಸುತ್ತಾರೆ, ಮಗು ಮಲಗಿತೆಂದು ದೀಪ ಆರಿಸುತ್ತಾರೆ. ಇಲ್ಲಿ ಹೂಂ ಎಂದರೆ ‘ರಾಜ ಮಾಡಿದ್ದು ಸರಿ’ ಎಂಬ ಒಪ್ಪಿಗೆ ಅಲ್ಲ. ‘ಎಚ್ಚರವಾಗಿದ್ದೇನೆ, ಮುಂದೆ ಹೇಳು’ ಎಂದು. ನಮ್ಮ ಬಹುಪಾಲು ತಲೆಯಾಟದ ಕೆಲಸವೂ ಇದೇ. ವಿಕ್ಟರ್ ಇಂಗ್ವೆ ಎಂಬ ಭಾಷಾವಿಜ್ಞಾನಿ 1970ರಲ್ಲಿ ಇದಕ್ಕೆ ‘ಬ್ಯಾಕ್‌ಚಾನಲ್’ ಎಂದು ಹೆಸರಿಟ್ಟರು. ಜಪಾನೀಯರಲ್ಲಿ ಇದರ ಹೆಸರು ‘ಐಝುಚಿ’. ಕಮ್ಮಾರಸಾಲೆಯಲ್ಲಿ ಒಬ್ಬನ ಏಟಿಗೆ ಸರಿಯಾಗಿ ಇನ್ನೊಬ್ಬ ಸುತ್ತಿಗೆ ಹಾಕುವುದಕ್ಕೆ ಇದ್ದ ಪದವದು. ಕಬ್ಬಿಣದ ಊರಿನವರಿಗೆ ಈ ಹೋಲಿಕೆ ಇಷ್ಟವಾದೀತು: ಎರಡನೆಯ ಸುತ್ತಿಗೆ ಕೆಲಸ ಸಾಗಿಸುತ್ತದೆ, ಆದರೆ ಏನು ಮಾಡಬೇಕೆಂದು ತೀರ್ಮಾನಿಸುವುದು ಮೊದಲನೆಯದು.

ಕೇಳುವವರಿಗೆ ಬೇಕಾದ ಉತ್ತರವನ್ನು ತಲೆ ಕೊಟ್ಟುಬಿಡುವುದೂ ಇದೆ. ಕೋಲೆ ಬಸವ ನೆನಪಿರಲಿ. ‘ಅಮ್ಮನಿಗೆ ಒಳ್ಳೆದಾಗುತ್ತಾ ಬಸವಣ್ಣ?’ ಎಂದರೆ ಶೃಂಗಾರಗೊಂಡ ಎತ್ತು ತಲೆಯಾಡಿಸುತ್ತದೆ, ಅಮ್ಮ ಮೊರದಲ್ಲಿ ಅಕ್ಕಿ ತರುತ್ತಾರೆ. ಎತ್ತಿಗೆ ಭವಿಷ್ಯ ಗೊತ್ತಿಲ್ಲ, ಪಳಗಿಸಿದವನ ಸನ್ನೆ ಗೊತ್ತು. ಬರ್ಲಿನ್ನಿನಲ್ಲಿ ಗೊರಸು ಕುಟ್ಟಿ ಲೆಕ್ಕ ಬಿಡಿಸುತ್ತಿದ್ದ ಹಾನ್ಸ್ ಎಂಬ ಕುದುರೆಯ ಕಥೆ ಇನ್ನೂ ಸೂಕ್ಷ್ಮ. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ, ಸರಿಯಾದ ಸಂಖ್ಯೆ ಬಂದ ಕ್ಷಣ ಪ್ರಶ್ನೆ ಕೇಳಿದವರ ತಲೆಯೇ ಅವರಿಗೆ ಅರಿವಿಲ್ಲದೆ ಕೊಂಚ ಮೇಲೇಳುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು ಎಂದು ತಿಳಿಯಿತು.

ಈಗ ಒಂದು ಆಸ್ಪತ್ರೆಯ ಕೋಣೆಯನ್ನು ಊಹಿಸಿಕೊಳ್ಳಿ. ಸಂಧಿವಾತದ ಅಜ್ಜಿ, ಹೊರಗೆ ಉದ್ದ ಸಾಲು. ವೈದ್ಯರು ಹೇಳುತ್ತಾರೆ: ‘ಈ ಮಾತ್ರೆ ವಾರಕ್ಕೆ ಒಂದೇ ದಿನ, ಅದರ ಮಾರನೇ ದಿನ ಇನ್ನೊಂದು, ಗೊತ್ತಾಯ್ತಾ ಅಜ್ಜಿ?’ ಅಜ್ಜಿ ತಲೆಯಾಡಿಸುತ್ತಾರೆ. ವೈದ್ಯರ ತಲೆಯೂ ಪ್ರಶ್ನೆಯ ಜೊತೆಯಲ್ಲೇ ಆಡಿದೆ. ಆ ಮಾತ್ರೆ ಮೆಥೊಟ್ರೆಕ್ಸೇಟ್ ಆಗಿದ್ದರೆ, ವಾರಕ್ಕೊಮ್ಮೆಯ ಬದಲು ದಿನಾ ನುಂಗಿದಾಗ ಮೂಳೆಮಜ್ಜೆ ಕುಗ್ಗಿ ಪ್ರಾಣಕ್ಕೇ ಅಪಾಯ. ಬೇರೆ ಬೇರೆ ದೇಶಗಳಲ್ಲಿ ಈ ತಪ್ಪಿನಿಂದ ಜನ ಸತ್ತಿದ್ದಾರೆ. ಅಜ್ಜಿ ಸುಳ್ಳು ಹೇಳಲಿಲ್ಲ. ದೊಡ್ಡವರು ಮಾತಾಡುವಾಗ ತಲೆಯಾಡಿಸುವುದು ಮರ್ಯಾದೆ, ‘ಗೊತ್ತಾಗಲಿಲ್ಲ’ ಎನ್ನಲು ಸಂಕೋಚ. ಮನೆಮಾತು ಲಂಬಾಣಿಯೋ ತಮಿಳೋ ಆಗಿದ್ದರೆ ಸಂಕೋಚ ಇನ್ನೂ ಹೆಚ್ಚು.

ಅಪಾಯದ ಕೆಲಸಗಳಲ್ಲಿ ತಲೆಯಾಟವನ್ನು ಯಾರೂ ನಂಬುವುದಿಲ್ಲ. ಕ್ರೇನಿನಡಿ ನಿಂತು ಸೂಚನೆ ಕೊಡುವವರು ಕೈ ಮತ್ತು ತೋಳಿನ ಗೊತ್ತುಪಡಿಸಿದ ಸನ್ನೆಗಳನ್ನೇ ಬಳಸಬೇಕು. ರೈಲ್ವೆಯಲ್ಲಿ ಗೇಟು ಮುಚ್ಚಿದ್ದಕ್ಕೆ ಗೇಟ್‌ಮನ್ ‘ಆಯ್ತು ಸಾರ್’ ಎಂದರೆ ಸಾಲದು, ತನ್ನ ಪುಸ್ತಕದ ಖಾಸಗಿ ಸಂಖ್ಯೆಯನ್ನು ಸ್ಟೇಷನ್ ಮಾಸ್ಟರಿಗೆ ಹೇಳಬೇಕು, ಅವರು ಬರೆದುಕೊಳ್ಳಬೇಕು.

ನ್ಯಾಯಾಲಯ ತಲೆಯಾಟವನ್ನು ಪೂರ್ತಿ ತಳ್ಳಿಹಾಕಿಲ್ಲ. ಮೀಸಾಲ ರಾಮಕೃಷ್ಣನ್ ಪ್ರಕರಣದಲ್ಲಿ, ಮಾತಾಡಲಾಗದ ವ್ಯಕ್ತಿ ತಲೆಯಾಡಿಸಿ, ಸನ್ನೆ ಮಾಡಿ ಕೊಟ್ಟ ಮರಣಕಾಲದ ಹೇಳಿಕೆಯನ್ನೂ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಆದರೆ ಅದರ ಬೆಲೆ ನಿಂತಿರುವುದು ಯಾರು ದಾಖಲಿಸಿದರು, ಕೇಳಿದ ಪ್ರಶ್ನೆ ಸರಳವಾಗಿತ್ತೋ ಜಟಿಲವಾಗಿತ್ತೋ, ಸನ್ನೆ ಎಷ್ಟು ಸ್ಪಷ್ಟವಾಗಿತ್ತು ಎಂಬುದರ ಮೇಲೆ. ಚಿಕಿತ್ಸೆಗೆ ಕೊಡುವ ಸಮ್ಮತಿಯ ಬಗ್ಗೆ 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ ಅದೇ ನ್ಯಾಯಾಲಯ, ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟು ಪಡೆದ ಸಮ್ಮತಿಯೇ ನಿಜವಾದ ಸಮ್ಮತಿ ಎಂದಿತು.

ವೈದ್ಯಕೀಯದಲ್ಲಿ ಇದಕ್ಕಿರುವ ಉಪಾಯದ ಹೆಸರು ‘ಟೀಚ್ ಬ್ಯಾಕ್’. ‘ಗೊತ್ತಾಯ್ತಾ?’ ಎಂಬ ಪ್ರಶ್ನೆಯನ್ನೇ ಬಿಡುವುದು. ಅದರ ಬದಲು ‘ಅಜ್ಜಿ, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಮನೆಗೆ ಹೋಗಿ ಸೊಸೆಗೆ ಈ ಮಾತ್ರೆ ಬಗ್ಗೆ ಏನಂತ ಹೇಳ್ತೀರಿ?’ ಎಂದು ಕೇಳುವುದು. ಪರೀಕ್ಷೆ ಅಜ್ಜಿಗಲ್ಲ, ಹೇಳಿದವರಿಗೆ ಎಂಬಂತೆ ಕೇಳಿದರೆ ಸಂಕೋಚ ಕರಗುತ್ತದೆ. ‘ದಿನಾ ಒಂದು’ ಎಂದು ಉತ್ತರ ಬಂದರೆ ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಕೇಳುವುದು. ವೈದ್ಯರು ಕೇಳದಿದ್ದರೆ ರೋಗಿಯ ಜೊತೆ ಹೋದವರೇ ಇದನ್ನು ಮಾಡಬಹುದು: ‘ಡಾಕ್ಟ್ರೇ, ನಾನು ಒಂದ್ಸಲ ಹೇಳ್ತೀನಿ, ಸರಿಯಾ ನೋಡಿ. ಹಳದಿ ಮಾತ್ರೆ ಸೋಮವಾರ ಮಾತ್ರ. ಬಿಳಿದು ಮಂಗಳವಾರ. ಬೇರೆ ದಿನ ಎರಡೂ ಬೇಡ.’ ಔಷಧಿ ಅಂಗಡಿಯಲ್ಲಿ ಪೊಟ್ಟಣದ ಮೇಲೆ ಆ ವಾರದ ಹೆಸರನ್ನು ಕನ್ನಡದಲ್ಲೋ, ಮನೆಯವರು ಓದುವ ಭಾಷೆಯಲ್ಲೋ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ.